ಕೊಟ್ಟ ಡಬ್ಬಿ ತೊಳೆದು ಖಾಲಿ ವಾಪಸ್ ಬಂತು. ಜರ್ಮನಿಯಲ್ಲಿ ಅಕ್ಕಪಕ್ಕದವರ ಜೊತೆ ಹೇಗೆ ಬೆರೆಯೋದು?

ಹಾಸನದ_ಮಗಳು (ಫೆಬ್ರವರಿ 9)

ಎಲ್ರಿಗೂ ನಮಸ್ಕಾರ. ನಾನು ಹಾಸನದವಳು, ಮದುವೆ ಆದ್ಮೇಲೆ ಐದಾರು ವರ್ಷ ಬೆಂಗಳೂರಲ್ಲಿದ್ವಿ, ಈಗ ಹದಿನಾಲ್ಕು ತಿಂಗಳಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದೀವಿ. ನಮ್ಮೆಜಮಾನ್ರು ಬೆಳಗ್ಗೆ ಏಳೂವರೆಗೆ ಹೋದ್ರೆ ಬರೋದು ಸಂಜೆ, ಮೂರೂವರೆ ವರ್ಷದ ಮಗಳು ಈಗೀಗ ಕಿಟಾಗೆ ಹೋಗ್ತಾಳೆ (ಇಲ್ಲಿನ ಶಿಶುವಿಹಾರ), ಉಳಿದ ಹೊತ್ತು ಮನೇಲಿ ನಾನೊಬ್ಬಳೇ. ಜರ್ಮನ್ ಭಾಷೆಯ ಎ2 ಹಂತ ಮುಗಿಸಿ ಮುಂದಿನ ಬಿ1 ಕ್ಲಾಸಿಗೆ ಸೇರಿದೀನಿ.

ವಿಷಯ ಏನಂದ್ರೆ ನಮ್ಮದು ನಾಲ್ಕು ಫ್ಲೋರಿನ ಹಳೇ ಬಿಲ್ಡಿಂಗು, ಒಟ್ಟು ಎಂಟು ಮನೆ. ಬಂದು ಒಂದು ವರ್ಷ ಆದ್ರೂ ಒಬ್ಬರೂ ನಮ್ಮನೆ ಬಾಗಿಲಿಗೆ ಬಂದು ಯಾರು ಎತ್ತ ಅಂತ ಕೇಳ್ಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಿದ್ರೆ 'ಗ್ರೂಸ್ ಗಾಟ್' (ಇಲ್ಲಿನ ನಮಸ್ಕಾರ) ಅಂತಾರೆ, ಮುಂದಕ್ಕೆ ಹೋಗ್ತಾರೆ. ಹಾಸನದಲ್ಲಿ ನಾವು ಮನೆ ಶಿಫ್ಟ್ ಮಾಡಿದ ದಿನ ಸಾಮಾನು ಇಳಿಸೋ ಮುಂಚೆನೇ ಎದುರು ಮನೆಯವರು ಕಾಫಿ ಫ್ಲಾಸ್ಕ್ ತಂದಿದ್ರು, ಅದನ್ನ ನೆನೆಸಿಕೊಂಡ್ರೆ ಹೊಟ್ಟೆ ಒಂಥರಾ ಆಗುತ್ತೆ.

ಈ ಸಲ ಸಂಕ್ರಾಂತಿಗೆ ನಾನೇ ಧೈರ್ಯ ಮಾಡಿ ಎಳ್ಳುಬೆಲ್ಲ ಬೀರೋಣ ಅಂತ ಹೊರಟೆ. ಅಮ್ಮ ಪಾರ್ಸೆಲ್‌ನಲ್ಲಿ ಸಕ್ಕರೆ ಅಚ್ಚು ಕಳಿಸಿದ್ರು, ಎಳ್ಳು ಹುರಿದು, ಕೊಬ್ಬರಿ ಬೆಲ್ಲ ಸಣ್ಣಗೆ ಹೆಚ್ಚಿ, ಚಿಕ್ಕ ಚಿಕ್ಕ ಡಬ್ಬಿಗೆ ಹಾಕಿ ಎಲ್ಲಾ ಮನೆ ಬೆಲ್ ಒತ್ತಿದೆ. ಮೂರೇ ಮನೆಯವರು ಬಾಗಿಲು ತೆಗೆದಿದ್ದು. ಕೆಳಗಿನ ಮನೆ ಅಜ್ಜಿ (ಎಪ್ಪತ್ತೆಂಟೋ ಎಂಬತ್ತೋ ಇರಬಹುದು) ಬಾಗಿಲಲ್ಲೇ ನಿಂತು ಡಬ್ಬಿ ತಗೊಂಡು 'ಡಾಂಕೆ' (ಥ್ಯಾಂಕ್ಸ್) ಅಂದ್ರು, ಬಾಗಿಲು ಹಾಕ್ಕೊಂಡ್ರು. ಮೂರನೇ ದಿನ ನಮ್ಮನೆ ಬಾಗಿಲ ಹಿಡಿಗೆ ಒಂದು ಬಟ್ಟೆ ಚೀಲ ನೇತು ಹಾಕಿತ್ತು, ಅದರೊಳಗೆ ಡಬ್ಬಿ, ತೊಳೆದು ಒರೆಸಿ ಫಳಫಳ ಅಂತಿತ್ತು, ಖಾಲಿ. ನಮ್ಮಲ್ಲಿ ಯಾರಾದ್ರೂ ಕೊಟ್ಟ ಪಾತ್ರೆ ಖಾಲಿ ವಾಪಸ್ ಕೊಡ್ತಾರಾ? ಏನೂ ಇಲ್ಲ ಅಂದ್ರೆ ಒಂದು ಚಮಚ ಸಕ್ಕರೆನಾದ್ರೂ ಹಾಕಿ ಕೊಡು ಅಂತ ಅಮ್ಮ ಹೇಳ್ತಿದ್ದಿದ್ದು. ಅವತ್ತು ಆ ಡಬ್ಬಿ ಹಿಡ್ಕೊಂಡು ಅಡಿಗೆ ಮನೇಲಿ ಕೂತು ಅತ್ತುಬಿಟ್ಟೆ.

ಆದ್ರೆ ಅದೇ ಅಜ್ಜಿ ನಾವಿಲ್ಲದಾಗ ನಮ್ಮ ಪಾರ್ಸೆಲ್ ಐದಾರು ಸಲ ಇಸ್ಕೊಂಡು ಜೋಪಾನ ಮಾಡಿದಾರೆ. ಡಿಸೆಂಬರಲ್ಲಿ ಮಗಳಿಗೆ ಜ್ವರ ಬಂದು ನಾನು ಅವಳನ್ನ ಎತ್ಕೊಂಡು ಸ್ಟ್ರಾಲರ್ ಜೊತೆ ಒದ್ದಾಡ್ತಿದ್ದಾಗ ಆ ವಯಸ್ಸಲ್ಲಿ ಸ್ಟ್ರಾಲರ್‌ನ ಎರಡು ಫ್ಲೋರ್ ಹತ್ತಿಸಿಕೊಟ್ರು, ಒಂದು ಮಾತಾಡದೆ. ಇದೇ ನಂಗೆ ಅರ್ಥ ಆಗದೆ ಇರೋದು.

ಇನ್ನೊಂದು, ಕಿಟಾದಲ್ಲಿ ಒಬ್ಬ ಮಗುವಿನ ತಾಯಿ ಪಾರ್ಕಲ್ಲಿ ಚೆನ್ನಾಗಿ ಮಾತಾಡಿದ್ಲು, ಯಾವಾಗಾದ್ರೂ ಮನೆಗೆ ಬಾ ಅಂದೆ, ಅವಳು ಫೋನ್ ತೆಗೆದು ಕ್ಯಾಲೆಂಡರ್ ನೋಡಿ ಐದು ವಾರ ಬಿಟ್ಟು ಒಂದು ಶನಿವಾರ ಹೇಳಿದ್ಲು. ಇದು ಬರಲ್ಲ ಅಂತ ಹೇಳೋ ರೀತಿನಾ? ಮತ್ತೆ ಹೋದ ತಿಂಗಳು ಯಾರೋ ನಮ್ಮ ಬಾಗಿಲಿಗೆ ಚೀಟಿ ಅಂಟಿಸಿದ್ರು, ಮೆಟ್ಟಿಲು ಕ್ಲೀನ್ ಆಗಿಲ್ಲ ಅಂತ.

ನಮ್ಮ ಮೇಲೆ ಇವರಿಗೆ ಬೇಜಾರಿದೆಯಾ, ನನ್ನ ಭಾಷೆ ಸಾಲದಾ, ಬಣ್ಣ ನೋಡಿ ದೂರ ಇಡ್ತಿದಾರಾ? ಹೊರಗಡೆ ತುಂಬಾ ವರ್ಷ ಇದ್ದವರು ದಯವಿಟ್ಟು ಹೇಳಿ.

ಧಾರವಾಡ್_ಪೇಢಾ (ಫೆಬ್ರವರಿ 9)

ಅಕ್ಕಾರ, ಮೊದ್ಲ ಆ ಡಬ್ಬಿ ವಿಷಯ ಮನಸಿಗೆ ಹಚ್ಕೋಬ್ಯಾಡ್ರಿ. ನಾ ಸ್ಟುಟ್‌ಗಾರ್ಟಿಗೆ ಬಂದು 11 ವರ್ಷ ಆತು, ನನಗೂ ಹಿಂಗ ಆಗಿತ್ತು. ಮಂದಿ ಸಾಮಾನು ಲಗೂನ, ಸ್ವಚ್ಛ ಮಾಡಿ, ಕೇಳೂಕಿಂತ ಮೊದ್ಲ ವಾಪಸ್ ಮುಟ್ಟಿಸೂದು ಇವರ ಲೆಕ್ಕದಾಗ ದೊಡ್ಡ ಮರ್ಯಾದಿ. ಮೂರ ದಿನದಾಗ ಬಂತಲ್ಲ, ಆ ಅಜ್ಜಿ ನಿಮಗ ಮರ್ಯಾದಿ ಕೊಟ್ಟಾರ. ಖಾಲಿ ಡಬ್ಬಿ ಕೊಡಬಾರದು ಅನ್ನೂದು ನಮ್ಮ ಪದ್ಧತಿ, ಅವರಿಗೆ ಹೆಂಗ ಗೊತ್ತಾಗಬೇಕು ಹೇಳ್ರಿ.

ಈಗ ದೊಡ್ಡ ಮಾತು. ಇದನ್ನ ನನಗ ಯಾರೂ ಹೇಳ್ಲಿಲ್ಲ, ಎರಡು ವರ್ಷ ಸುಮ್ನ ಸಿಟ್ಟು ಮಾಡ್ಕೊಂಡು ಕುಂತಿದ್ದೆ. ನಮ್ಮ ಕಡೆ ಹೊಸಬರು ಬಂದ್ರ ಹಳಬರು ಹೋಗಿ ಮಾತಾಡಸ್ತಾರ. ಇಲ್ಲಿ ಉಲ್ಟಾ. ಹೊಸದಾಗಿ ಬಂದವರ ತಾವಾಗೇ ಬಂದ ಒಂದೆರಡು ವಾರದಾಗ ಎಲ್ಲಾ ಮನಿ ಬೆಲ್ ಒತ್ತಿ, ನಾವು ಇಂಥವರು, ಎರಡನೇ ಮಜಲಿಗೆ ಬಂದೇವಿ, ಸಣ್ಣ ಕೂಸು ಐತಿ, ಗದ್ದಲ ಆದ್ರ ಹೇಳ್ರಿ ಅಂತ ಪರಿಚಯ ಮಾಡ್ಕೋಬೇಕು. ನೀವು ಅವರು ಬರ್ತಾರಂತ ಕಾದ್ರಿ, ಅವರು ನೀವು ಬರ್ತೀರಂತ ಕಾದ್ರು. ಒಂದು ವರ್ಷ ಇಬ್ರೂ ಕಾದು ಕುಂತಂಗಾತು. ಅವರ ಮನಸಿನ್ಯಾಗ 'ಈ ಮಂದಿಗೆ ತಮ್ಮಷ್ಟಕ್ಕ ತಾವು ಇರೂದು ಬೇಕಾಗೇತಿ, ತೊಂದರಿ ಕೊಡೂದು ಬ್ಯಾಡ' ಅಂತ ಇರತೈತಿ.

ಚೀಟಿ ಅಂದ್ರಲ್ಲ, ಅದು ಕೇರ್‌ವೊಖೆ. ಸ್ಟುಟ್‌ಗಾರ್ಟ್ ಸುತ್ತಲಿನ ಈ ಶ್ವಾಬನ್ ನಾಡಿನ ಪಕ್ಕಾ ಪದ್ಧತಿ. ಪ್ರತಿ ಮನಿಯವರು ಸರದಿ ಪ್ರಕಾರ ವಾರಕ್ಕೊಬ್ರು ಮೆಟ್ಟಲಾ ಒರಸಬೇಕು, ಇನ್ನೊಂದು ದೊಡ್ಡ ಸರದಿ ಬಂದ್ರ ಹೊರಗಿನ ಫುಟ್‌ಪಾತ್, ಕಸದ ಡಬ್ಬಿ ಜಾಗಾ ಎಲ್ಲಾ, ಥಂಡಿಯಾಗ ಹಿಮಾ ಸರಸೂದೂ ಬರತೈತಿ. ಒಂದು ಬೋರ್ಡ್ ಮನಿಯಿಂದ ಮನಿಗೆ ಬಾಗಲಿಗೆ ನೇತಾಡತಿರತೈತಿ ನೋಡ್ರಿ, ಅದು ನಿಮ್ಮ ಬಾಗಲಿಗೆ ಬಂದ್ರ ಆ ವಾರ ನಿಮ್ದು. ನಿಮ್ಮ ಬಾಡಿಗಿ ಕರಾರು ತೆಗದು ನೋಡ್ರಿ, ಅದರಾಗ ಬರದಿರತೈತಿ. ಇದನ್ನ ಹಗುರ ತಗೋಬ್ಯಾಡ್ರಿ, ಯಾಕಂದ್ರ ಇಲ್ಲಿ ಒಬ್ಬ ಮನಷ್ಯಾ ಎಂಥಾವ ಅಂತ ಅಳಿಯೂದ ಇದರಾಗ. ನೀವು ಎಷ್ಟು ನಕ್ಕು ಮಾತಾಡಿದ್ರೂ ಸರದಿ ತಪ್ಪಿಸಿದ್ರ ಅದು ಲೆಕ್ಕಕ್ಕ ಬರಂಗಿಲ್ಲ, ಒಂದು ಮಾತು ಆಡದ ಮೆಟ್ಟಲಾ ಥಳಥಳ ಇಟ್ರ ನೀವು ಒಳ್ಳೇ ಮಂದಿ. ಹಂಗ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಗದ್ದಲ ಇಲ್ಲ, ಐತವಾರ ಇಡೀ ದಿನ ಡ್ರಿಲ್ಲಿಂಗ್ ಇಲ್ಲ, ಗಾಜಿನ ಬಾಟ್ಲಿ ಸಹಿತ ಡಬ್ಬಿಗೆ ಹಾಕಂಗಿಲ್ಲ.

ಆ ಐದು ವಾರದ ಶನಿವಾರ ಐತಲ್ಲ, ಅದು ಖರೇ ಆಮಂತ್ರಣ. ಆಕಿ ಬರತಾಳ. ಮೂರು ಗಂಟೆ ಅಂದ್ರ ಮೂರಕ್ಕ, ಕೈಯಾಗ ಹೂವೋ ಕೇಕೋ ಹಿಡಕೊಂಡು. ಬರೂ ಮನಸಿಲ್ಲದಿದ್ರ ಮಾರಿ ಮ್ಯಾಲೆ ಹೇಳತಿದ್ಲು. ಇಲ್ಲಿ ಫ್ರಾಯ್ಂಡ್ ಅಂದ್ರ ಬ್ಯಾರೆ, ಬೆಕಾಂಟೆ ಅಂದ್ರ ಬ್ಯಾರೆ. ನಾವು ಎರಡು ಸಲ ಚಾ ಕುಡದವನ್ನೂ ದೋಸ್ತ ಅಂತೀವಿ, ಇವರು ಹತ್ತು ವರ್ಷ ಜೋಡಿ ಕೆಲಸ ಮಾಡಿದವನ್ನೂ ಬೆಕಾಂಟೆ, ಪರಿಚಯದವ ಅಂತಾರ. ನನಗ 'ಝೀ' ಬಿಟ್ಟು 'ಡೂ' ಅನ್ನು ಅಂತ (ನೀವು ಹೋಗಿ ನೀನು ಅಂದಂಗ) ನಮ್ಮ ಎದುರು ಮನಿಯವರು ಹೇಳಿದ್ದು ನಾಲ್ಕನೇ ವರ್ಷ. ಅದನ್ನ ವಯಸ್ಸಿನಾಗ ಹಿರಿಯಾರ ಮೊದ್ಲ ಹೇಳಬೇಕು, ನಾವ ಶುರು ಮಾಡಬಾರದು. ಆ ದಿನ ಅವರು ಕೈ ಕುಲುಕಿ ತಮ್ಮ ಹೆಸರು ಹೇಳಿದ್ರು, ನಾಲ್ಕು ವರ್ಷದಿಂದ ಗೊತ್ತಿದ್ದ ಹೆಸರು, ಆದ್ರ ಅವತ್ತು ಅದನ್ನ ನನಗ ಕೊಟ್ರು.

ಒಂದು ಶ್ವಾಬನ್ ಗಾದಿ ಐತಿ, 'ನೆಟ್ ಗ್‌ಶಿಂಫ್ಟ್ ಇಶ್ ಗ್ನುಗ್ ಗ್ಲೋಬ್ಟ್'. ಬೈದಿಲ್ಲಂದ್ರ ಅದ ಸಾಕಷ್ಟು ಹೊಗಳಿದಂಗ. ಇದನ್ನ ಇಲ್ಲಿ ಮಂದಿ ತಾವ ಹೇಳ್ಕೋತಾರ.

ದೋಸ್ತಿ ಬೇಕಂದ್ರ ಯಾವುದರ ಫೆರಾಯ್ನ್ ಸೇರ್ರಿ. ಸಂಘ ಅಂದಂಗ. ಏಳು ಮಂದಿ ಕೂಡಿದ್ರ ಇಲ್ಲಿ ಒಂದು ಸಂಘ ರಿಜಿಸ್ಟರ್ ಆಗತೈತಿ, ಹಾಡಾಕೊಂದು, ಓಡಾಕೊಂದು, ತ್ವಾಟಾ ಮಾಡಾಕೊಂದು. ಗುಡ್ಡಾ ಹತ್ತಾಕ 1888ರಾಗ ಶುರು ಆದ ಶ್ವೇಬಿಷೆರ್ ಆಲ್ಬ್‌ಫೆರಾಯ್ನ್ ಈಗೂ ಐತಿ. ನಾ ಟೇಬಲ್ ಟೆನಿಸ್ ಸೇರಿದೆ, ಮೊದಲ ಆರು ತಿಂಗಳು ಆಟ ಆಡಿ ಮನಿಗೆ ಬರತಿದ್ದೆ, ಅದ ತಪ್ಪು. ಆಟ ಮುಗದ ಮ್ಯಾಲೆ ಕುಂತು ಏನರ ಕುಡೀತಾರಲ್ಲ, ಆಪಲ್ ಜ್ಯೂಸ್ ಆದ್ರೂ ಹಿಡಕೊಂಡು ಅಲ್ಲಿ ಕೂಡಬೇಕು, ಮಾತು ಬಿಚ್ಚೂದು ಅಲ್ಲಿ. ಈಗ ನಾವು ಊರಿಗೆ ಹೋದಾಗ ನಮ್ಮ ಮನಿ ಕೀಲಿ ಅವರ ಕಡೆ ಇರತೈತಿ.

ಪ್ಲೇನೋ_ವಾಸಿ (ಫೆಬ್ರವರಿ 10)

ನಾನು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಪಕ್ಕ ಪ್ಲೇನೋದಲ್ಲಿ 17 ವರ್ಷದಿಂದ ಇದೀನಿ. ನಿಮ್ಮ ಪೋಸ್ಟ್ ಓದಿ ನನ್ನ ಕಥೆ ಪೂರ್ತಿ ಉಲ್ಟಾ ಅನ್ನಿಸ್ತು ಅದಕ್ಕೆ ಬರೀತಿದೀನಿ.

ನಾವು ಮನೆಗೆ ಬಂದ ಮಾರನೇ ದಿನ ಪಕ್ಕದ ಮನೆಯಾಕೆ ಕುಕೀಸ್ ತಟ್ಟೆ ತಂದ್ರು. ಅಂಗಡಿಯಲ್ಲಿ ಬಿಲ್ ಹಾಕೋ ಹುಡುಗಿ ಹೇಗಿದೀರಾ ಅಂತಾಳೆ, ಕುರ್ತಾ ಚೆನ್ನಾಗಿದೆ ಅಂತಾಳೆ, ರಸ್ತೇಲಿ ಎದುರು ಬರೋ ಪಿಕಪ್ ಟ್ರಕ್ಕಿನವನು ಸ್ಟೀರಿಂಗ್ ಮೇಲಿಂದ ಎರಡು ಬೆರಳೆತ್ತಿ ನಮಸ್ಕಾರ ಮಾಡ್ತಾನೆ. ನಾನು ಮೊದಲ ವರ್ಷ ಇದನ್ನೆಲ್ಲ ಸ್ನೇಹ ಅಂದ್ಕೊಂಡು ತುಂಬಾ ಖುಷಿಯಾಗಿದ್ದೆ. ಆಫೀಸಲ್ಲಿ ಒಬ್ಬರು 'ಒಂದಿನ ಸಿಗೋಣ, ಊಟ ಮಾಡೋಣ' ಅಂದಿದ್ರು, ನಾನು ಮನೆಗೆ ಬಂದು ಹೆಂಡತಿ ಹತ್ರ ಹೇಳಿ ಶನಿವಾರ ಫ್ರೀ ಇಟ್ಕೊಂಡು ಫೋನ್ ಕಾದೆ. ಆ ಒಂದಿನ ಬರಲೇ ಇಲ್ಲ. ಅವರು ಸುಳ್ಳು ಹೇಳಿದ್ದಲ್ಲ, ಆ ಮಾತು ಅಲ್ಲಿ 'ಹೋಗಿ ಬರ್ತೀನಿ' ಅನ್ನೋ ಥರ, ಹೊರಡುವಾಗ ಹೇಳೋದು. ನಾವು 'ಹೋಗಿ ಬರ್ತೀನಿ' ಅಂದ್ರೆ ಮತ್ತೆ ಅವತ್ತೇ ಬರ್ತೀವಿ ಅಂತ ಯಾರಾದ್ರೂ ಕಾಯ್ತಾರಾ?

ಕುರ್ಟ್ ಲೆವಿನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ, ಯಹೂದಿ, 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಬಂದವರು, 1936ರಲ್ಲೇ ಈ ಎರಡು ದೇಶಗಳ ಜನರ ವ್ಯತ್ಯಾಸದ ಬಗ್ಗೆ ಒಂದು ಪ್ರಬಂಧ ಬರೆದಿದಾರೆ. ಮನುಷ್ಯನ ಮನಸ್ಸನ್ನ ಒಂದರೊಳಗೊಂದು ಇರೋ ಸುತ್ತುಗಳ ಥರ ಚಿತ್ರ ಬಿಡಿಸಿ, ಅಮೆರಿಕದವರ ಹೊರಗಿನ ಸುತ್ತುಗಳಿಗೆಲ್ಲ ಸುಲಭವಾಗಿ ಹೋಗಬಹುದು, ನಡುವಿನ ಒಂದು ಚಿಕ್ಕ ಜಾಗಕ್ಕೆ ಮಾತ್ರ ಗಟ್ಟಿ ಬೇಲಿ, ಜರ್ಮನ್ನರ ಬೇಲಿ ಹೊರಗಡೆನೇ ಶುರುವಾಗುತ್ತೆ ಅಂತಾರೆ. ಅದನ್ನ ಓದಿದಾಗ ನನ್ನ ಮೊದಲ ವರ್ಷ ಅರ್ಥ ಆಯ್ತು. ನಾನು ಅಂಗಳದಲ್ಲಿ ನಿಂತು ಮನೆ ಒಳಗೆ ಬಂದೆ ಅಂದ್ಕೊಂಡಿದ್ದೆ, ನೀವು ಅಂಗಳಕ್ಕೇ ಬಿಟ್ಕೊಳ್ಳಲಿಲ್ಲ ಅಂದ್ಕೊಂಡಿದೀರ.

ಯಾವುದು ಒಳ್ಳೇದು ಅಂತ ಕೇಳಿದ್ರೆ, ದಿನ ನಿತ್ಯಕ್ಕೆ ಟೆಕ್ಸಾಸ್ ಸುಖ. ಸ್ಟ್ರಾಲರ್ ಎತ್ತೋಕೆ ಇಲ್ಲೂ ಯಾರಾದ್ರೂ ಬರ್ತಾರೆ, ಬೇಕಾದಷ್ಟು ಮಾತೂ ಆಡ್ತಾರೆ. ಆದ್ರೆ ಜನ ಕೆಲಸದ ಹಿಂದೆ ಊರು ಬದಲಾಯಿಸ್ತಾನೇ ಇರ್ತಾರೆ, ಹಚ್ಕೊಂಡ ಮೂರು ಕುಟುಂಬ ಮೂರು ರಾಜ್ಯಕ್ಕೆ ಹೋದ್ವು. ನಿಮ್ಮ ಅಜ್ಜಿ ಎಲ್ಲಿಗೂ ಹೋಗಲ್ಲ ಅನ್ಸುತ್ತೆ.

ಮತ್ತೆ_ಬೆಂಗಳೂರು (ಫೆಬ್ರವರಿ 12)

ಎಲ್ಲದಕ್ಕೂ ಸಂಸ್ಕೃತಿ ಅಂತ ಹೇಳಿ ಸಮಾಧಾನ ಮಾಡೋದು ನಂಗೆ ಒಪ್ಪಿಗೆ ಇಲ್ಲ. ನಾನು ಆರು ವರ್ಷ ಮ್ಯೂನಿಕ್‌ನಲ್ಲಿದ್ದೆ, ಕೇರ್‌ವೊಖೆ ಇರ್ಲಿಲ್ಲ ಆದ್ರೆ ಉಳಿದ ನಿಯಮ ಎಲ್ಲಾ ಪಾಲಿಸ್ದೆ, ಭಾಷೆ ಬಿ2 ತನಕ ಕಲಿತೆ. ಮನೆ ಹುಡುಕುವಾಗ ನನ್ನ ಹೆಸರಲ್ಲಿ ಹಾಕಿದ ಮೇಲ್‌ಗಳಿಗೆ ಉತ್ತರ ಬರ್ತಿರ್ಲಿಲ್ಲ, ಅದೇ ಮನೆಗೆ ಅಲ್ಲಿನ ಸಹೋದ್ಯೋಗಿ ತನ್ನ ಹೆಸರಲ್ಲಿ ಮೇಲ್ ಹಾಕಿದಾಗ ಅವತ್ತೇ ಉತ್ತರ ಬಂತು. ಇದು ಬೇಲಿ ಹೊರಗಿದೆಯೋ ಒಳಗಿದೆಯೋ ಅನ್ನೋ ಪ್ರಶ್ನೆ ಅಲ್ಲ. 2006ರಿಂದ ಅಲ್ಲಿ ಸಮಾನತೆಯ ಕಾನೂನಿದೆ, ಮನೆ ಬಾಡಿಗೆಗೂ ಅದು ಅನ್ವಯಿಸುತ್ತೆ, ಹಲವು ಊರಲ್ಲಿ ದೂರು ಕೇಳಿ ಸಲಹೆ ಕೊಡೋ ಕೇಂದ್ರಗಳೂ ಇವೆ, ಇದನ್ನ ತಿಳ್ಕೊಂಡಿರಿ.

ಅಕ್ಕ, ನೀವು ಕೇಳಿದ ಮೂರನೇ ಪ್ರಶ್ನೆಗೆ ನನ್ನ ಅನುಭವದಲ್ಲಿ ಒಂದು ಅಳತೆ ಇದೆ. ಅವರು ತಮ್ಮತಮ್ಮಲ್ಲೂ ಹೀಗೇ ಇದ್ದಾರಾ ನೋಡಿ. ಮೇಲಿನ ಮನೆಯ ಜರ್ಮನ್ ಕುಟುಂಬಕ್ಕೂ ಗ್ರೂಸ್ ಗಾಟ್ ಅಂದು ಮುಂದೆ ಹೋಗ್ತಾರೆ ಅಂದ್ರೆ ಅದು ಅವರ ಸ್ವಭಾವ. ಅವರ ಜೊತೆ ಹತ್ತು ನಿಮಿಷ ನಿಂತು ಹರಟಿ ನೀವು ಬಂದಾಗ ಮಾತ್ರ ಬಾಯಿ ಮುಚ್ಚಿದ್ರೆ ಅದು ಬೇರೆ, ಆಗ ನಿಮ್ಮದೇನೋ ತಪ್ಪಿದೆ ಅಂತ ನಿಮ್ಮನ್ನ ನೀವು ಹಳ್ಕೊಬೇಡಿ. ಆ ಅಜ್ಜಿ ಮೊದಲನೇ ಥರ ಅಂತ ನಂಗೂ ಅನ್ಸುತ್ತೆ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ವಾಪಸ್ ಬಂದು ಈಗ ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಲ್ಲಿದೀನಿ, ಎದುರು ಮನೆಯವರ ಹೆಸರು ಬಾಗಿಲ ಬೋರ್ಡ್ ನೋಡಿ ಗೊತ್ತು ಅಷ್ಟೇ. ಅಸ್ಸಾಮಿಂದ ಬಂದ ಹುಡುಗರು ನಮ್ಮ ಫ್ಲೋರಲ್ಲಿದಾರೆ. ಅವರಿಗೆ ನಾವು ಯಾವ ಕಾಫಿ ಫ್ಲಾಸ್ಕ್ ತಗೊಂಡು ಹೋದ್ವಿ ಅಂತ ನಿಮ್ಮ ಪೋಸ್ಟ್ ಓದಿದ ಮೇಲೆ ಯೋಚನೆ ಆಯ್ತು.

ಮೂಡುಬಿದ್ರೆ_ನರ್ಸ್ (ಫೆಬ್ರವರಿ 15)

ನೈಟ್ ಡ್ಯೂಟಿ ಮುಗಿಸಿ ಬರೆಯುವುದು, ತಪ್ಪಿದ್ರೆ ಕ್ಷಮಿಸಿ. ನಾನು ಹೈಲ್‌ಬ್ರಾನ್ ಹತ್ರ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಬಿ2 ಪಾಸಾಗಿ ಬಂದದ್ದು, ಆದ್ರೆ ಇಲ್ಲಿನ ಅಜ್ಜ ಅಜ್ಜಿಯಂದಿರು ಮಾತಾಡುವ ಶ್ವೇಬಿಷ್ (ಶ್ವಾಬನ್ ನಾಡಿನ ಆಡುಮಾತು) ಕ್ಲಾಸಲ್ಲಿ ಯಾರೂ ಕಲಿಸುವುದಿಲ್ಲ ಮಾರಾಯ್ರೆ, ಮೊದಲ ಮೂರು ತಿಂಗಳು ಎಂತದೂ ಅರ್ಥ ಆಗ್ಲಿಲ್ಲ.

ಈ ಜನರ ಒಳಗೆ ಎಂತ ಉಂಟು ಅಂತ ನಾನು ರಾತ್ರಿ ಎರಡು ಗಂಟೆಗೆ ನೋಡುವುದು. ಹಗಲು ಊಟ ಕೊಟ್ರೆ ಡಾಂಕೆ ಅಂತ ಒಂದೇ ಶಬ್ದ. ರಾತ್ರಿ ನಿದ್ದೆ ಬಾರದಾಗ ಕೈ ಹಿಡ್ಕೊಂಡು ಯುದ್ಧದ ಸಮಯದ ಹಸಿವಿನ ಕಥೆ, ತೀರಿ ಹೋದ ಗಂಡನ ಕಥೆ ಎಲ್ಲ ಹೇಳ್ತಾರೆ. ಮಕ್ಕಳು ಬೇರೆ ಊರಲ್ಲಿ, ಆದಿತ್ಯವಾರ ಮೂರು ಗಂಟೆಗೆ ಕಾಫಿ, ಕೇಕಿಗೆ ಬರ್ತಾರೆ, ಐದಕ್ಕೆ ಹೋಗ್ತಾರೆ. ಆಮೇಲೆ ಮುಂದಿನ ಆದಿತ್ಯವಾರದ ತನಕ ಕಿಟಕಿ ಹತ್ರ ಕೂತುಕೊಳ್ಳುವುದು. ಹಾಗಾಗಿ ನಿಮ್ಮ ಕೆಳಗಿನ ಮನೆಯವರಿಗೆ ನಿಮ್ಮಷ್ಟೇ ಒಂಟಿತನ ಇರಬಹುದು ಅಂತ ನನಗೆ ಕಾಣ್ತದೆ. ಒಂದು ಕಾರ್ಡಲ್ಲಿ ದಿನ, ಗಂಟೆ ಬರೆದು, ಮೂರು ಗಂಟೆಗೆ ಕಾಫಿಗೆ ಬನ್ನಿ ಅಂತ ಕೊಡಿ. ಸುಮ್ಮನೆ ಬನ್ನಿ ಅಂದ್ರೆ ಅವರಿಗೆ ಯಾವಾಗ ಬರ್ಲಿಕ್ಕೆ ಅಂತ ಗೊತ್ತಾಗುವುದಿಲ್ಲ, ಉಪದ್ರ ಆಗ್ತದೆ ಅಂತ ಬರುವುದೂ ಇಲ್ಲ. ಹುಟ್ಟುಹಬ್ಬ ಇದ್ರೆ ಆ ದಿನ ಬರುವ ಮೊದಲೇ ಶುಭಾಶಯ ಹೇಳ್ಬೇಡಿ, ಅದು ಇವರಿಗೆ ಅಪಶಕುನ. ನಾನು ಒಮ್ಮೆ ಹಾಗೆ ಹೇಳಿ ಒಬ್ಬರ ಮುಖವೇ ಬಿಳಿಚಿತು.

ಇನ್ನೊಂದು ಹೇಳ್ಬೇಕು. ನಮ್ಮಲ್ಲಿ ಒಬ್ಬರು ಅಜ್ಜಿ ಎಲ್ಲಿಯವಳು ನೀನು ಅಂತ ಕೇಳಿದ್ರು, ಮಂಗಳೂರು ಹತ್ರ ಅಂದೆ. 'ಬಾಸ್ಲರ್ ಮಿಸಿಯೋನ್' ಅಂದ್ರು! ಸಣ್ಣದಿರುವಾಗ ಚರ್ಚಲ್ಲಿ ಬಾಸೆಲ್ ಮಿಶನ್ನಿಗೆ (ನಮ್ಮ ಮಂಗಳೂರಿಗೂ ಬಂದಿದ್ದ ಕ್ರೈಸ್ತ ಮಿಶನರಿ ಸಂಸ್ಥೆ) ಕಾಸು ಹಾಕುತ್ತಿದ್ರಂತೆ. ಆಮೇಲೆ ನೋಡಿದ್ರೆ 1843ರಲ್ಲಿ ಮಂಗಳೂರ ಸಮಾಚಾರ, ಕನ್ನಡದ ಮೊದಲ ಪತ್ರಿಕೆ, ತಂದ ಆ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ನಮ್ಮಿಂದ ಸ್ವಲ್ಪ ದೂರದ ಬ್ರಾಕನ್‌ಹೈಮ್‌ನಲ್ಲಿ, 1881ರಲ್ಲಿ ತೀರಿಹೋದದ್ದು ನಿಮ್ಮ ಸ್ಟುಟ್‌ಗಾರ್ಟಿನ ಪಕ್ಕದ ಎಸ್ಲಿಂಗನ್‌ನಲ್ಲಿ. ಅದೇ ಮಿಶನ್ನಿನ, 1894ರ ಕನ್ನಡ ನಿಘಂಟಿನ ಕಿಟ್ಟೆಲ್ ಜರ್ಮನಿಯ ಉತ್ತರದ ಕಡೆಯವರು, ಆದ್ರೆ ಕೊನೆಗಾಲ ಕಳೆದದ್ದು ಟ್ಯೂಬಿಂಗನ್‌ನಲ್ಲಿ, 1903ರಲ್ಲಿ ಅಲ್ಲೇ ಹೋದದ್ದು. ಆ ಜನ ನಮ್ಮೂರಿಗೆ ಬಂದಾಗ ಅವರಿಗೂ ಯಾರ ಮನೆಯ ಚಾವಡಿಯಲ್ಲಿ ಹೇಗೆ ಕೂತುಕೊಳ್ಳುವುದು ಅಂತ ಗೊತ್ತಿದ್ದಿರಲಿಕ್ಕಿಲ್ಲ ಅಲ್ವಾ, ಪದ ಪದ ಕೇಳಿಯೇ ಕಲ್ತದ್ದು. ರಜೆ ಸಿಕ್ಕಿದ ದಿನ ನಾನು ಬ್ರಾಕನ್‌ಹೈಮಿಗೆ ಹೋಗಿ ಆ ಬೀದಿಯಲ್ಲಿ ಸುಮ್ಮನೆ ನಡೆದು ಬಂದೆ, ಮನಸ್ಸಿಗೆ ಎಂತದೋ ಸಮಾಧಾನ ಆಯ್ತು.

ಹಾಸನದ_ಮಗಳು (ಮೇ 25)

ತುಂಬಾ ದಿನ ಆದ್ಮೇಲೆ ಬರ್ತಿದೀನಿ, ಎಲ್ರಿಗೂ ಥ್ಯಾಂಕ್ಸ್. ಏನಾಯ್ತು ಹೇಳ್ಬೇಕು ಅನ್ನಿಸ್ತು.

ಮೊದ್ಲು ಬಾಡಿಗೆ ಕರಾರು ತೆಗೆದು ನೋಡಿದ್ವಿ, ಕೇರ್‌ವೊಖೆ ಇತ್ತು, ಹದಿನಾಲ್ಕು ತಿಂಗಳಲ್ಲಿ ನಮ್ಮ ಸರದಿ ಎಲ್ಲಾ ಬೇರೆಯವರೇ ಮಾಡ್ಕೊಂಡು ಬಂದಿದ್ರು! ನಾಚಿಕೆ ಆಗೋಯ್ತು. ಬಿ1 ಟೀಚರ್ ಹತ್ರ ತಿದ್ದಿಸಿ ಉಳಿದ ಏಳು ಮನೆಗೂ ಕಾರ್ಡ್ ಬರೆದೆ, ನಾವು ಇಂಥವರು, ನಿಯಮ ಗೊತ್ತಿರ್ಲಿಲ್ಲ, ಕ್ಷಮಿಸಿ, ಮುಂದಿನ ಎರಡು ವಾರ ನಾವೇ ಮಾಡ್ತೀವಿ ಅಂತ. ಆ ಶನಿವಾರ ನಾನು ಮೆಟ್ಟಿಲು ಒರೆಸ್ತಾ ಇದ್ರೆ ಒಬ್ಬೊಬ್ಬರೇ ನಿಂತು ಮಾತಾಡಿದ್ರು, ಒಂದು ವರ್ಷದಲ್ಲಿ ಆಡದೆ ಇದ್ದಷ್ಟು ಮಾತು ಅವತ್ತು ಒಂದೇ ದಿನ. ಮೂರನೇ ಫ್ಲೋರಿನವರು ಬಕೆಟ್ ನೀರಿಗೆ ಯಾವ ಸೋಪು ಎಷ್ಟು ಹಾಕ್ಬೇಕು ಅಂತ ಕೂಡ ಹೇಳ್ಕೊಟ್ರು. ಕಿಟಾದ ಆ ತಾಯಿನೂ ಐದು ವಾರಕ್ಕೆ ಸರಿಯಾಗಿ ಬಂದ್ಲು, ಮೂರಕ್ಕೆ ಎರಡು ನಿಮಿಷ ಇದ್ದಾಗ ಬೆಲ್ ಆಯ್ತು. ಎಲ್ಲಾ ಸರಿ ಹೋಯ್ತು ಅಂತ ಅಲ್ಲ, ಒಂದು ಮನೆಯವರು ಇವತ್ತಿಗೂ ತಿರುಗಿ ನೋಡಲ್ಲ, ಜರ್ಮನ್ನರನ್ನ ನೋಡಿದ್ರೆ ನಗ್ತಾರೆ, ನಾನು ಗಮನಿಸಿದೀನಿ. ಬೆಂಗಳೂರಿನವರು ಹೇಳಿದ ಅಳತೆ ಇಲ್ಲದೆ ಇದ್ದಿದ್ರೆ ನನ್ನದೇ ತಪ್ಪು ಅಂತ ಇನ್ನೂ ಕೊರಗ್ತಿದ್ದೆ.

ಅಜ್ಜಿನ ಏಪ್ರಿಲ್‌ನಲ್ಲಿ ಕಾಫಿಗೆ ಕರೆದೆ, ಕಾರ್ಡಲ್ಲಿ ದಿನ ಗಂಟೆ ಬರೆದು. ಬಂದ್ರು, ಟುಲಿಪ್ ತಂದಿದ್ರು, ಒಳ್ಳೆ ಕೋಟ್ ಹಾಕ್ಕೊಂಡು ಬಂದಿದ್ರು, ಕೆಳಗಿನ ಮನೆಯಿಂದ ಮೇಲಿನ ಮನೆಗೆ. ರವೆ ಉಂಡೆ ಎರಡು ತಿಂದ್ರು. ನನಗೆ ಅರ್ಧ ಅರ್ಥ ಆಯ್ತು ಅರ್ಧ ಆಗ್ಲಿಲ್ಲ, ಯಜಮಾನ್ರು ಹೋಗಿ ಒಂಬತ್ತು ವರ್ಷ ಆಯ್ತಂತೆ, ಮಗ ಹ್ಯಾಂಬರ್ಗ್‌ನಲ್ಲಿ. ಆಮೇಲಿನ ವಾರ ಅವರು ನಮ್ಮನ್ನ ಕರೆದ್ರು. ಹಾಲಿನ ಗಾಜಿನ ಬೀರುವಿನೊಳಗೆ ಪಿಂಗಾಣಿ ಗೊಂಬೆಗಳ ನಡುವೆ ನಮ್ಮ ಸಕ್ಕರೆ ಅಚ್ಚು ಇಟ್ಟಿದಾರೆ! ಕುದುರೆ ಒಂದು, ತುಳಸಿ ಕಟ್ಟೆ ಒಂದು, ಜನವರಿಯಿಂದ. ತಿನ್ನೋದು ಅಂತ ಗೊತ್ತಿರ್ಲಿಲ್ವಾ ಅಂದೆ. ಗೊತ್ತಿತ್ತು, ಎಳ್ಳು ಬೆಲ್ಲ ತಿಂದೆ, ಇದನ್ನ ಹೇಗೆ ತಿನ್ನೋದು ಇಷ್ಟು ಚೆನ್ನಾಗಿದೆ ಅಂದ್ರು. ನಾನು ಜನವರಿಯಲ್ಲಿ ಡಬ್ಬಿ ಹಿಡ್ಕೊಂಡು ಅತ್ತಿದ್ದು ಅವರಿಗೆ ಹೇಳ್ಲಿಲ್ಲ, ಆದ್ರೆ ಅಮ್ಮಂಗೆ ಫೋನ್ ಮಾಡಿ ಹೇಳಿದೆ, ಅಮ್ಮ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ.

ಹೊರಡುವಾಗ ಒಂದು ಬಾಟ್ಲಿ ಗ್‌ಸೆಲ್ಟ್ಸ್ ಕೊಟ್ರು, ಇಲ್ಲಿ ಜಾಮ್‌ಗೆ ಹಾಗಂತಾರೆ, ಅವರೇ ಮಾಡಿದ್ದು, ಟ್ರಾಯ್ಬ್ಲೆ ಅಂತ ಕೆಂಪು ಹುಳಿ ಹಣ್ಣಿಂದು, ಮಗಳು ದಿನಾ ದೋಸೆಗೆ ಹಚ್ಕೊಂಡು ತಿಂತಾಳೆ. ಬಾಟ್ಲಿ ವಾಪಸ್ ಬೇಕು, ಜೂನ್ ಜುಲೈನಲ್ಲಿ ಹಣ್ಣು ಬಂದಾಗ ಮತ್ತೆ ತುಂಬಬೇಕು ಅಂತ ಹೇಳಿ ಕಳಿಸಿದಾರೆ. ನಿನ್ನೆ ಮುಗೀತು, ತೊಳೆದು ಒಣಗಿಸಿಟ್ಟಿದೀನಿ. ಧಾರವಾಡದ ಅಣ್ಣ, ಇದನ್ನ ಅವರ ಪದ್ಧತಿ ಥರ ಖಾಲಿ ಕೊಡ್ಲಾ, ನಮ್ಮ ಪದ್ಧತಿ ಥರ ತುಂಬಿ ಕೊಡ್ಲಾ?

ಧಾರವಾಡ್_ಪೇಢಾ (ಮೇ 25)

ತುಂಬೇ ಕೊಡ್ರಿ ಅಕ್ಕಾರ. ಇಂಡಿಯನ್ ಅಂಗಡ್ಯಾಗ ಈಗ ಮಾವಿನಕಾಯಿ ಬಂದಾವ, ತುರದು ಬೆಲ್ಲಾ ಹಾಕಿ ಗುಳಂಬ ಮಾಡ್ರಿ, ಯಾಲಕ್ಕಿ ಸ್ವಲ್ಪ. ಅದು ನಮ್ಮ ಕಡೆ ಗ್‌ಸೆಲ್ಟ್ಸ್ ಅಂತ ಹೇಳಿ ಕೊಡ್ರಿ, ಅವರಿಗೆ ತಿಳೀತೈತಿ.